ಹದಿನೇಳನೆಯ ಬಿಲ್ಲೆ

ಅಪ್ಪೆ ಹಂಚಿನ ಕಾರ್ಖಾನೆಯಲ್ಲಿ
ಬೆರಳ ಗೆಣ್ಣಿನಿಂದ ಹಂಚು ಬಡಿದು ನೋಡುತ್ತಿದ್ದಳು.
ಟಣ್ ಅಂದರೆ ಲಾರಿಗೆ.
ಟಪ್ ಅಂದರೆ ಗುರುಪುರ ಹೊಳೆಯ ದಂಡೆಯ ರಾಶಿಗೆ.
ದಿನಕ್ಕೆ ಎರಡು ಸಾವಿರ ಹಂಚು, ಒಂದೇ ಪ್ರಶ್ನೆ.
ನಮ್ಮ ಅಡುಗೆಕೋಣೆಯ ಮಾಡು ಪೂರಾ ಟಪ್.

ಕೊಣಾಜೆಯ ಗುಡ್ಡದ ಮೇಲೆ ನನ್ನದೂ ಅದೇ ಕೆಲಸ.
ಇಟ್ರಿಯಂ, ಬೇರಿಯಂ, ತಾಮ್ರ
ಒರಳಲ್ಲಿ ಅರೆದು, ಒತ್ತಿ, ಸುಟ್ಟು
ಎಂಟಾಣೆಯಗಲದ ಕಪ್ಪು ಬಿಲ್ಲೆ.
ಗೆಣ್ಣಿನ ಬದಲು ನಾಲ್ಕು ತಂತಿ.

ಸೀಸದ್ದು ಹಾಗಲ್ಲ, ಅದು ಸೈರಣೆಯ ಲೋಹ.
ಎಷ್ಟು ಕಸ ಬೆರೆತರೂ ತಣ್ಣಗಾದರೆ ಸಾಕು,
ಒಳಗಿನ ಎಲೆಕ್ಟ್ರಾನುಗಳು ಜೋಡಿ ಕಟ್ಟುತ್ತವೆ;
ಎಡವಿದರೂ ಒಟ್ಟಿಗೇ ಎಡವುತ್ತವೆ.
ಈ ಕಪ್ಪು ಬಿಲ್ಲೆಯ ಜೋಡಿಗಳಿಗೆ ದಿಕ್ಕಿನ ಹಟ:
ಮೂಡು ಪಡುವಿಗೆ ಕೂಡು,
ಬಡಗು ತೆಂಕಿಗೆ ಕಳೆ,
ಮೂಲೆಗಳಲ್ಲಿ ಸೊನ್ನೆ.
ತಾಮ್ರದ ಜಾಗದಲ್ಲಿ ಒಂದು ಸತು ಬಂದು ಕೂತಿತೋ
ಪಡುವಿಗೆ ಹೊರಟದ್ದು ತೆಂಕಿಗೆ ತಿರುಗಿ
ಕೂಡು ಹೋಗಿ ಕಳೆಯ ಮೈಮೇಲೆ ಬಿದ್ದು
ಎರಡೂ ಇಲ್ಲ.

ಸತು ಜಗಳಗಂಟಿಯಲ್ಲ. ಕಾಂತದ ಗುಣವೂ ಇಲ್ಲ.
ಸುಮ್ಮನೆ ಕೂತಿದೆ, ತನ್ನದಲ್ಲದ ಕುರ್ಚಿಯಲ್ಲಿ.
ನೂರಕ್ಕೆ ಒಂದು: ತೊಂಬತ್ತೆರಡು ಡಿಗ್ರಿ ಇಳಿದು ಎಂಬತ್ತು.
ನೂರಕ್ಕೆ ಎರಡು: ಅರವತ್ತೆಂಟು.
ಎಂಟು ಹಾಕಿದ ದಿನ
ನಮ್ಮ ಯಂತ್ರ ಮುಟ್ಟಬಲ್ಲ ತಳದವರೆಗೂ
ರೋಧ ಇಳಿಯಲೇ ಇಲ್ಲ.
ಪುಸ್ತಕದ ಕೊನೆಯ ಕಾಲಮಿನಲ್ಲಿ ಬರೆದೆ: ಟಪ್.

ಹದಿನೇಳನೆಯದರಲ್ಲಿ ಸತುವಿರಲಿಲ್ಲ.
ಜುಲೈಯ ಒಂದು ರಾತ್ರಿ ಕುಲುಮೆಯ ಉಷ್ಣಮಾಪಕ ಕಳಚಿ
ಒಳಗೆ ಸಾವಿರ ದಾಟಿದ್ದು ಯಾರಿಗೂ ಗೊತ್ತಾಗಲಿಲ್ಲ.
ಬಿಲ್ಲೆ ಅರೆ ಕರಗಿ, ನಿಧಾನಕ್ಕೆ ಆರಿ,
ಹಲಸಿನ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.
ಕಪ್ಪಿನೊಳಗೆ ಅಲ್ಲಲ್ಲಿ ಹಸಿರು,
ಹೆಸರುಕಾಳಿನ ಹುಡಿ ಚೆಲ್ಲಿದಂತೆ.

ಇಜಿದೋರ್ ಕ್ರಾಸ್ತಾ, ಬೈಕಂಪಾಡಿಯಿಂದ ಸಾರಜನಕ ತರುವವರು,
ನಿವೃತ್ತಿಗೆ ನಾಲ್ಕು ತಿಂಗಳು,
"ಬಿಸಾಡುವುದಾದರೆ ನನಗೆ ಕೊಡಿ" ಅಂದರು,
"ಮೊಮ್ಮಗಳಿಗೆ ತೋರಿಸುತ್ತೇನೆ."
ಅದನ್ನು ತೆಂಗಿನ ಗೆರಟೆಯಲ್ಲಿಟ್ಟು ಸಾರಜನಕ ಹೊಯ್ದರು,
ಮೇಲೆ ಒಂದು ಗುಂಡಿಯಷ್ಟು ಕಾಂತ.

ನನ್ನ ನಾಲ್ಕನೆಯ ಬಿಲ್ಲೆ, ಎಲ್ಲಕ್ಕಿಂತ ಶುದ್ಧವಾದದ್ದು,
ಅದರ ಮೇಲೂ ಕಾಂತ ತೇಲಿತ್ತು.
ಉಸಿರು ತಾಗಿದರೆ ಜಾರಿ ಮೇಜಿಗೆ ಬೀಳುತ್ತಿತ್ತು.
ಇಲ್ಲಿ ನಿಂತಿತು.
ತಳ್ಳಿದರೆ ಅಲುಗಿ ಮತ್ತೆ ಅಲ್ಲಿಗೇ.
ಇಕ್ಕಳದಲ್ಲಿ ಬಿಲ್ಲೆ ಎತ್ತಿ ತಲೆಕೆಳಗು ಮಾಡಿದರು:
ಕಾಂತ ಕೆಳಗೆ,
ನಡುವೆ ಬೆರಳಗಲ ಬರಿಗಾಳಿ,
ಬೀಳುತ್ತಿಲ್ಲ.

"ಬೆಂಗ್ರೆಯ ಅಳಿವೆಯಲ್ಲಿ ಬಲೆಗೆ ಗೂಟ ನೆಡುತ್ತಾರಲ್ಲ ಟೀಚರೇ,
ಹರಿವ ನೀರಿಗೆ ಅದು ಅಡ್ಡಿಯೇ.
ಆದರೆ ಸುಳಿ ನೋಡಿ,
ಗೂಟದ ಬುಡದಲ್ಲೇ ತಿರುಗುತ್ತ ನಿಲ್ಲುತ್ತದೆ."
ಅವರಿಗೆ ಇದನ್ನು ಯಾರೂ ಕಲಿಸಿರಲಿಲ್ಲ.
ನನಗೆ ಕಲಿಸಿದ್ದರು, ಪರೀಕ್ಷೆಯಲ್ಲಿ ಬರೆದಿದ್ದೆ:
ಕಾಂತ ಸುಳಿಗಳಾಗಿ ಒಳನುಗ್ಗುತ್ತದೆ,
ಸುಳಿ ಸರಿದಾಡಿದರೆ ಬಲ ಸೋರುತ್ತದೆ,
ದೋಷ ಸುಳಿಯನ್ನು ಹಿಡಿದಿಡುತ್ತದೆ.
ಏಳು ಅಂಕ.

ಹಾಗಂತ ದೋಷವನ್ನು ಹೊಗಳಲಾರೆ.
ಸತು ಕೊಂದದ್ದು ಕೊಂದದ್ದೇ,
ಎಂಟನೆಯ ಬಿಲ್ಲೆ ಈಗಲೂ ಡಬ್ಬಿಯಲ್ಲಿ ಬರೀ ಕಲ್ಲು.
ಪರಮಾಣುವಿನಷ್ಟು ಒಂದು ತಪ್ಪು ಜೋಡಿಯ ಕೈ ಬಿಡಿಸಿತು,
ಹುಡಿಯಷ್ಟು ಇನ್ನೊಂದು ಸುಳಿಯ ಕಾಲು ಹಿಡಿಯಿತು.
ಎಷ್ಟು ದೊಡ್ಡದು, ಎಲ್ಲಿ, ಒಂದರಿಂದೊಂದು ಎಷ್ಟು ದೂರ
ಕೇಳಬೇಕಿತ್ತು.
ನನ್ನ ಪುಸ್ತಕದಲ್ಲಿ ಎಲ್ಲಕ್ಕೂ ಒಂದೇ ಕಾಲಮು.

ಇಕ್ಕಳದ ತುದಿಯಲ್ಲಿ ಬಿಲ್ಲೆ ಬೆಚ್ಚಗಾಗುತ್ತಿತ್ತು.
ನಾವಿಬ್ಬರೂ ಮಾತಾಡಲಿಲ್ಲ.
ಮಂಜಿನ ಬಿಳಿ ಅಂಚಿನಿಂದ ಒಳಕ್ಕೆ ಕರಗಿತು,
ಕಾಂತ ಒಮ್ಮೆ ವಾಲಿ
ಸಿಮೆಂಟು ನೆಲಕ್ಕೆ ಬಿತ್ತು.

ಟಣ್ಣೋ, ಟಪ್ಪೋ,
ಅಪ್ಪೆಯಾದರೆ ಹೇಳುತ್ತಿದ್ದಳು.

"ಇಜಿದೋರರೇ," ಅಂದೆ,
"ಇನ್ನೊಮ್ಮೆ ಹೊಯ್ಯಿರಿ."